ಎಡಗೈ ಎತ್ತಿ ಹೇಳಿದ ಬಲ

ಬಲ ಎಂಬ ಮಾತಿಗೆ ನನಗೆ ಗೊತ್ತಿದ್ದದ್ದು ಎರಡೇ ಅರ್ಥ. ಒಂದು, ಎಡಕ್ಕೆ ಎದುರಾದದ್ದು: ಉಣ್ಣುವ ಕೈ, ಹೊಸಿಲು ದಾಟುವ ಕಾಲು. ಇನ್ನೊಂದು, ಮುದ್ದೆ ಉಂಡರೆ ಮೈಗೆ ಬರುವಂಥದ್ದು. ಮೂರನೇ ಕ್ಲಾಸಿಗೇ ಶಾಲೆ ಬಿಟ್ಟವಳಿಗೆ ಅಷ್ಟು ಸಾಕಾಗಿತ್ತು. ಅದಕ್ಕೆ ಇನ್ನೂ ಒಂದು ಅರ್ಥವಿದೆಯೆಂದು ತಿಳಿದದ್ದು ಮೊಮ್ಮಗಳ ಐದನೇ ಕ್ಲಾಸಿನ ಸೈನ್ಸ್ ಪಾಠದಿಂದ, ಅದೂ ಅವಳು ಅತ್ತುಕೊಂಡು ಮನೆಗೆ ಬಂದ ದಿನ.

ಮೊನ್ನೆಯಿಂದ ನನಗೆ ಸಂತೋಷ ತಡೆಯಲಾಗುತ್ತಿಲ್ಲ. ನಲ್ಲಿಯ ಹತ್ತಿರ ಬಿಂದಿಗೆ ಇಟ್ಟು ನಿಂತಾಗ ಒಬ್ಬಳೇ ನಗುತ್ತೇನೆ. ಹಸುವಿಗೆ ಹುಲ್ಲು ಹಾಕುವಾಗ ಅದಕ್ಕೂ ಹೇಳುತ್ತೇನೆ. ಸೊಸೆ ಬಾಗಿಲಲ್ಲಿ ನಿಂತು ನೋಡಿ, ನೋಡದವಳ ಹಾಗೆ ಒಳಗೆ ಹೋಗುತ್ತಾಳೆ. ಆದರೆ ಈ ಸಂತೋಷ ಎಷ್ಟು ದೊಡ್ಡದೆಂದು ನಿಮಗೆ ತಿಳಿಯಬೇಕಾದರೆ ಮೊದಲು ಸಂಕಟವನ್ನೇ ಹೇಳಬೇಕು.

ನಮ್ಮ ಮನೆ ಹಂಗಳ ಎಂಬ ಊರಲ್ಲಿ. ಮಗ ಗುಂಡ್ಲುಪೇಟೆಯಿಂದ ಕೇರಳಕ್ಕೆ ತರಕಾರಿ ಲಾರಿ ಓಡಿಸುತ್ತಾನೆ, ಮನೆಯಲ್ಲಿ ಇರುವುದು ಕಡಿಮೆ. ಸೊಸೆ ಅರಿಶಿನದ ಕಾಲದಲ್ಲಿ ಊರಾಚೆಯ ಶೆಡ್ಡಿಗೆ ಕೂಲಿಗೆ ಹೋಗುತ್ತಾಳೆ. ಅರಿಶಿನ ಕಿತ್ತು, ಬೇಯಿಸಿ, ಬಿಸಿಲಲ್ಲಿ ಒಣಗಿಸಿದ ಮೇಲೆ ಅದರ ಮೇಲೆ ಒರಟು ಸಿಪ್ಪೆ, ಬೇರಿನ ಕೂದಲು ಉಳಿದಿರುತ್ತದೆ. ಅದನ್ನು ದೊಡ್ಡ ಕಬ್ಬಿಣದ ಡ್ರಮ್ಮಿಗೆ ತುಂಬಿ ತಿರುಗಿಸುತ್ತಾರೆ. ಒಳಗೆ ಕೊಂಬಿಗೆ ಕೊಂಬು ಉಜ್ಜಿಕೊಂಡು ಸಿಪ್ಪೆ ಪುಡಿಯಾಗಿ ಹಾರುತ್ತದೆ, ಅರಿಶಿನ ನುಣುಪಾಗಿ ಹೊಳೆಯುತ್ತದೆ. ಅದಕ್ಕೆ ಪಾಲಿಶ್ ಎನ್ನುತ್ತಾರೆ. ಶೆಡ್ಡಿನಲ್ಲಿ ಕೆಲಸ ಮಾಡಿದವರ ಕಿವಿ, ರೆಪ್ಪೆ, ಉಗುಳು ಎಲ್ಲ ಹಳದಿ.

ಡ್ರಮ್ಮನ್ನು ತಿರುಗಿಸುವುದು ಮೋಟರು. ಎರಡರ ನಡುವೆ ಒಂದು ಬೆಲ್ಟು. ಅದು ಹಳೆಯದಾಗಿ ಜಾರುತ್ತಿತ್ತೆಂದು ಆ ದಿನ ಬೆಳಿಗ್ಗೆ ಅದಕ್ಕೆ ಹಿಡಿತ ಬರಲೆಂದು ಅಂಟು ಹಚ್ಚಿದ್ದರು. ಅಂಟು ಹಚ್ಚಲು ಬೆಲ್ಟಿನ ಮೇಲಿನ ತಗಡಿನ ಮುಚ್ಚಳ ತೆಗೆದಿದ್ದರು. ಮತ್ತೆ ಮುಚ್ಚಲಿಲ್ಲ. ಯಾರು ತೆಗೆದರು, ಯಾರು ಮುಚ್ಚಬೇಕಿತ್ತು ಎಂದು ಇವತ್ತಿಗೂ ಯಾರೂ ಬಾಯಿ ಬಿಟ್ಟಿಲ್ಲ.

ಭಾನುವಾರ. ಮೊಮ್ಮಗಳು ಅವಳ ಅವ್ವನಿಗೆ ಊಟದ ಡಬ್ಬಿ ಕೊಡಲು ಹೋದಳು. ಡ್ರಮ್ಮಿನಿಂದ ಸಿಡಿದ ಒಂದು ಅರಿಶಿನದ ಕೊಂಬು ಬೆಲ್ಟಿನ ಹತ್ತಿರ ಬಿದ್ದಿತ್ತು. ಎತ್ತಿಕೊಡಲು ಬಗ್ಗಿದಳು. ಅಂಗಿಯ ಬಲತೋಳು ಬೆಲ್ಟಿಗೆ ತಗುಲಿತು. ಬೆಲ್ಟು ಆ ದಿನ ಜಾರಲಿಲ್ಲ.

ನನಗೆ ಸುದ್ದಿ ಬಂದು ಓಡುವಷ್ಟರಲ್ಲಿ ಟೆಂಪೋದಲ್ಲಿ ಹಾಕಿಕೊಂಡು ಹೋಗಿದ್ದರು. ಶೆಡ್ಡಿನಲ್ಲಿ ಊಟದ ಡಬ್ಬಿ ಮುಚ್ಚಳ ತೆಗೆಯದೆ ಹಾಗೇ ಕೂತಿತ್ತು. ಅದನ್ನು ಎತ್ತಿಕೊಂಡು ಮನೆಗೆ ಬಂದೆ. ಬೇರೆ ಏನು ಮಾಡಬೇಕೋ ತೋಚಲಿಲ್ಲ.

ಗುಂಡ್ಲುಪೇಟೆಯಲ್ಲಿ ಕಟ್ಟು ಹಾಕಿದರು, ಮೈಸೂರಿನಲ್ಲಿ ಆಪರೇಷನ್ ಮಾಡಿದರು. ತೊಡೆಯ ಚರ್ಮ ತೆಗೆದು ಅಂಗೈಗೆ ಹಚ್ಚಿದರು. ಕೈ ಉಳಿಯಿತು, ಅದಕ್ಕೆ ಆ ಡಾಕ್ಟರುಗಳ ಹೊಟ್ಟೆ ತಣ್ಣಗಿರಲಿ. ಆದರೆ ಕಟ್ಟು ಬಿಚ್ಚಿದ ದಿನ ನನ್ನ ಕಣ್ಣು ಅದನ್ನು ಕೈ ಎಂದು ಒಪ್ಪಲಿಲ್ಲ. ಬೆರಳುಗಳು ಒಂದರ ಮೇಲೊಂದು ಮಡಿಸಿಕೊಂಡು, ಬೆಂದು ಒಣಗಿದ ಅರಿಶಿನದ ಕೊಂಬಿನ ಹಾಗೆಯೇ ಇದ್ದವು. ಅದೇ ಬಾಗು, ಅದೇ ಗಂಟು. ಬಾಯಿಗೆ ಬಂದದ್ದನ್ನು ನುಂಗಿಕೊಂಡೆ. ಮಗು ನನ್ನ ಮುಖವನ್ನೇ ನೋಡುತ್ತಿತ್ತು.

ಅಲ್ಲಿಂದ ಮುಂದೆ ಚಾಮರಾಜನಗರದ ದೊಡ್ಡಾಸ್ಪತ್ರೆಗೆ ಓಡಾಟ. ಅಲ್ಲಿ ಬೆರಳು ಬಗ್ಗಿಸುವ ಕೋಣೆಯೊಂದಿದೆ. ಸೊಸೆ ಕೂಲಿ ಬಿಡುವಂತಿಲ್ಲ, ಆದ್ದರಿಂದ ನಾನೇ ಕರೆದುಕೊಂಡು ಹೋಗುತ್ತಿದ್ದೆ. ಹಂಗಳದಿಂದ ಗುಂಡ್ಲುಪೇಟೆಗೆ ಒಂದು ಬಸ್ಸು, ಅಲ್ಲಿಂದ ತೆರಕಣಾಂಬಿ ಮೇಲೆ ಚಾಮರಾಜನಗರಕ್ಕೆ ಇನ್ನೊಂದು. ಹೆಂಗಸರಿಗೆ ಬಸ್ಸು ಪುಕ್ಕಟೆ. ಆಧಾರ್ ಕಾರ್ಡು ತೋರಿಸಿದರೆ ಕಂಡಕ್ಟರ್ ಸೊನ್ನೆ ಬರೆದ ಚೀಟಿ ಹರಿದು ಕೊಡುತ್ತಾನೆ. ಮೊದಲ ಸಲ ವಾಪಸು ಬರುವಾಗ ಮೊಮ್ಮಗಳು ಆ ಚೀಟಿಗೆ ಎಡಗೈ ಚಾಚಿದಳು. ಬಲಗೈ ದಾವಣಿಯ ಹಾಗೆ ಹೊದ್ದ ನನ್ನ ಟವೆಲ್ಲಿನ ಒಳಗಿತ್ತು.

"ಯಾಕಮ್ಮಿ, ಸಂಜೆ ಹೊತ್ನಲ್ಲಿ ಎಡಗೈ ನೀಡ್ತೀಯೆ? ಬಲಗೈಲಿ ಇಸ್ಕ. ಸ್ಕೂಲಲ್ಲಿ ಹೇಳ್ಕೊಟ್ಟಿಲ್ವಾ?" ಎಂದ ಕಂಡಕ್ಟರ್.

ಅವನಿಗೇನು ಗೊತ್ತು. ನಾನು ಚೀಟಿ ಇಸ್ಕೊಂಡೆ. ಮಗು ಕಿಟಕಿಯ ಕಡೆ ತಿರುಗಿ ಗುಂಡ್ಲುಪೇಟೆ ಬರುವವರೆಗೂ ತಿರುಗಲೇ ಇಲ್ಲ.

ಎಡಗೈ ಎಂದರೆ ನಮ್ಮ ಕಡೆ ಏನೆಂದು ನಿಮಗೆ ಗೊತ್ತೇ ಇದೆ. ಅಂಗಡಿಯವನು ಎಡಗೈಯಲ್ಲಿ ಕೊಟ್ಟ ಕಾಸು ಮುಟ್ಟುವುದಿಲ್ಲ, "ಕೆಳಗೆ ಮಡಗು" ಎನ್ನುತ್ತಾನೆ. ಶಾಲೆಯ ಬಿಸಿಯೂಟದಲ್ಲಿ ಎಡಗೈಯಲ್ಲಿ ಕಲಸಿ ತಿನ್ನುವವಳ ಪಕ್ಕ ಕೂರಲು ಮಕ್ಕಳು ಒಲ್ಲವು. ಮೊದಲು ಸ್ವಲ್ಪ ಸರಿದು ಕೂರುತ್ತಿದ್ದರಂತೆ, ಆಮೇಲೆ ಸಾಲನ್ನೇ ಬದಲಾಯಿಸಿದರಂತೆ. ಇವಳು ಊಟ ಬಿಟ್ಟಳು. ಸಂಜೆ ಬಂದು ತಣ್ಣನೆ ಮುದ್ದೆಯನ್ನು ಅಡುಗೆಮನೆ ಬಾಗಿಲು ಹಾಕಿಕೊಂಡು ತಿನ್ನುತ್ತಿದ್ದಳು. ಮನೆಯವರ ಎದುರಿಗೂ ತಿನ್ನಲೊಲ್ಲಳು.

ಅಂಥದ್ದರಲ್ಲಿ ಆ ಪಾಠ ಬಂತು. ಮಧ್ಯಾಹ್ನವೇ ಮಗು ಬ್ಯಾಗು ಎಳೆದುಕೊಂಡು ಬಂದು ಕೊಟ್ಟಿಗೆಯಲ್ಲಿ ಹಸುವಿನ ಹಿಂದೆ ಕೂತುಬಿಟ್ಟಿತು. ಕೇಳಿ ಕೇಳಿ ಸಾಕಾದ ಮೇಲೆ ಹೇಳಿದಳು. ಮೇಡಂ ಬೋರ್ಡಿನ ಮೇಲೆ 'ಬಲ' ಎಂದು ಬರೆದು, "ಬಲ ಎಂದರೇನು, ಯಾರು ಹೇಳ್ತೀರಿ?" ಎಂದರಂತೆ. ಇವಳಿಗೆ ಉತ್ತರ ಗೊತ್ತಿತ್ತು. ಖುಷಿಯಲ್ಲಿ ಕೈ ಎತ್ತಿದಳು. ಎತ್ತಿದ್ದು ಎಡಗೈ.

ಹಿಂದಿನ ಸಾಲಿನ ಹುಡುಗಿಯೊಬ್ಬಳು, "ಎಡಗೈ ಎತ್ಕಂಡು ಬಲ ಹೇಳ್ತಾಳಂತೆ ಕಣಮ್ಮಿ. ಇವಳ್ಗೆ ಬಲವೇ ಇಲ್ಲ, ಬರೀ ಎಡ" ಎಂದಳಂತೆ. ಕ್ಲಾಸೆಲ್ಲ ನಕ್ಕಿತಂತೆ.

"ನಾಳೆಯಿಂದ ಓಗಲ್ಲ ಅಜ್ಜಿ. ನೀ ಒಡುದ್ರೂ ಓಗಲ್ಲ" ಎಂದಳು. ಹೊಡೆಯುವ ಕೈ ನನಗೆ ಎಲ್ಲಿಂದ ಬರಬೇಕು.

ಮಾರನೆಯ ದಿನ ನಾನೇ ಶಾಲೆಗೆ ಹೋದೆ. ಜಗಳ ಆಡಬೇಕೆಂದೇ ಸೆರಗು ಸಿಕ್ಕಿಸಿಕೊಂಡು ಹೋಗಿದ್ದೆ. ಮೇಡಂ ಇನ್ನೂ ಚಿಕ್ಕ ವಯಸ್ಸಿನವರು, ಚಾಮರಾಜನಗರದಿಂದ ದಿನಾ ಬಂದು ಹೋಗುವವರು. ಬೆಂಚು ತೋರಿಸಿ ಕೂರಿಸಿದರು.

"ಮೇಡಮ್ಮಾರೇ, ಆ ಬಲದ್ ಪಾಠ ಒಂದು ಬುಟ್ಬುಡಿ. ಪುಸ್ತಕ ತುಂಬಾ ಬೇರೆ ಪಾಠ ಅವಲ್ಲ. ನಮ್ ಕೂಸ್ಗೆ ಇರೋ ಬಲವೇ ಓಗ್ಬುಟ್ಟದೆ. ಅದ್ನೇ ಬೋರ್ಡ್ ಮೇಲೆ ಬರುದು ಯಾಕ್ ಆಡ್ಕತೀರಿ?"

ಅವರಿಗೆ ಮೊದಲು ಅರ್ಥವಾಗಲಿಲ್ಲ. "ಅಜ್ಜಿ, ಅದು ಆ ಬಲ ಅಲ್ಲ. ಘರ್ಷಣ ಬಲ, ಕಾಂತ ಬಲ, ಸ್ಪ್ರಿಂಗ್ ಬಲ ಅಂತ ಬೇರೆ ಬೇರೆ ಇದಾವೆ."

"ಒಬ್ಬರ್ಗೆ ಅಷ್ಟೊಂದು ಬಲಗೈ ಎಲ್ಲಿ ಬಂದಾವು?" ಎಂದೆ.

ಮೇಡಂ ನಕ್ಕುಬಿಟ್ಟರು. ನಕ್ಕದ್ದಕ್ಕೆ ಅವರದೇ ಮುಖ ಕೆಂಪಾಯಿತು. ಕ್ಷಣ ಬಿಟ್ಟು ನನ್ನ ಕಣ್ಣು ನೋಡಿದರು, ನಗು ನಿಂತಿತು. ಅವರಿಗೂ ಆಗಲೇ ಹೊಳೆದದ್ದು ಕ್ಲಾಸು ಯಾಕೆ ನಕ್ಕಿತು ಎಂಬುದು. ಹಿಂದಿನ ದಿನ ಗಲಾಟೆ ಎಂದುಕೊಂಡು ಬೆತ್ತ ಕುಟ್ಟಿ ಸುಮ್ಮನಾಗಿಸಿದ್ದರಂತೆ.

ಎದ್ದು ಹೋಗಿ ಕಪಾಟಿನಿಂದ ಒಂದು ರಟ್ಟಿನ ಡಬ್ಬಿ ತಂದರು. ಒಳಗೆ ಕೆಟ್ಟ ಸ್ಪೀಕರಿನಿಂದ ಬಿಚ್ಚಿದ ದುಂಡನೆಯ ಮ್ಯಾಗ್ನೆಟ್ಟು, ಪೆನ್ನಿನ ಸ್ಪ್ರಿಂಗು, ಮರ ಉಜ್ಜುವ ಉಪ್ಪುಕಾಗದದ ಒಂದು ಚೂರು. ಮ್ಯಾಗ್ನೆಟ್ಟನ್ನು ಮೇಜಿನ ಮೇಲಿದ್ದ ಪಿನ್ನಿನ ಹತ್ತಿರ ಹಿಡಿದರು. ಪಿನ್ನು ತಾನೇ ನೆಗೆದು ಅಂಟಿಕೊಂಡಿತು.

"ನೋಡಿ, ಎಳೀತು. ಈ ಸ್ಪ್ರಿಂಗ್ ಅದುಮಿ, ವಾಪಸ್ ತಳ್ಳುತ್ತೆ. ಈ ಕಾಗದ ಉಜ್ಜಿ, ಹಿಡಿದು ನಿಲ್ಲಿಸುತ್ತೆ. ಬಲ ಅಂದ್ರೆ ಇಷ್ಟೇ ಅಜ್ಜಿ. ಎಳೆಯೋದು, ತಳ್ಳೋದು."

ಅಂಟಿದ ಪಿನ್ನನ್ನು ಎಡಗೈಯಲ್ಲಿ ಕಿತ್ತು ನೋಡಿದೆ. "ಎಡಗೈಲಿ ಎಳುದ್ರೂ ಬಲವೇನಾ?"

"ಎಡಗೈಲಿ ಎಳೆದ್ರೂ ಬಲವೇ."

ಇದು ನನಗೆ ಸಿಹಿ ತಿಂದ ಹಾಗಾಯಿತು. ಜಗಳ ಎಲ್ಲಿ ಹೋಯಿತೋ. ಮ್ಯಾಗ್ನೆಟ್ಟನ್ನು ಒಂದಷ್ಟು ದಿನ ಕೊಡಿ ಎಂದು ಕೇಳಿದೆ, ಕೊಟ್ಟರು. ಮಗುವನ್ನು ಮುಂದಿನ ಬೆಂಚಿನಲ್ಲಿ ಕೂರಿಸುತ್ತೇನೆ, ಕಳಿಸಿ ಎಂದರು.

ಮಗು ಶಾಲೆಗೆ ಹೋಗತೊಡಗಿತು. ಆದರೆ ಆಸ್ಪತ್ರೆಯ ಕಡೆಯಿಂದ ಒಳ್ಳೆ ಮಾತು ಬರಲಿಲ್ಲ. ಬೆರಳು ಬಗ್ಗಿಸುವ ಕೋಣೆಯ ಹುಡುಗ ಸಾಬರ ಪೈಕಿ, ಚಾಮರಾಜನಗರದವನೇ, ಮೃದು ಮಾತಿನವನು. ಆ ಸಲ ಮಗುವನ್ನು ಹೊರಗೆ ಕೂರಿಸಿ ನನ್ನೊಬ್ಬಳಿಗೇ ಹೇಳಿದ.

"ಅಮ್ಮಾ, ಕೊನೇ ಎರಡು ಬೆರಳು ಇನ್ನು ಬರಲ್ಲ. ಅದನ್ನ ಬಿಟ್ಟುಬಿಡಿ. ಹೆಬ್ಬೆರಳು, ತೋರುಬೆರಳು ಮಾತ್ರ ನೋಡೋಣ. ಎರಡರ ಮಧ್ಯೆ ಒಂದು ಕಾಗದ ಇಟ್ಟು ಎಳೆದ್ರೆ ಅದು ಜಾರಬಾರದು. ಈ ಬೇಸಿಗೆ ರಜದೊಳಗೆ ಅಷ್ಟಾದ್ರೆ ಪೆನ್ ಹಿಡೀತಾಳೆ, ತುತ್ತು ಎತ್ತುತಾಳೆ. ಆಗದೆ ಹೋದ್ರೆ ಕೀಲು ಹಾಗೇ ಬಿಗಿದುಬಿಡುತ್ತೆ."

ಬಸ್ಸಿನಲ್ಲಿ ಬರುವಾಗ ಮಗು ಕೇಳಿತು, "ಏನಂದ್ರು ಅಜ್ಜಿ?"

"ಚೆನ್ನಾಗ್ ಆಯ್ತಾ ಅದೆ ಅಂದ್ರು" ಎಂದೆ.

ಆಸ್ಪತ್ರೆಯಲ್ಲಿ ಅದುಮಲು ಕೊಡುತ್ತಿದ್ದ ಸ್ಪ್ರಿಂಗು ಅವಳ ಕೈಯಲ್ಲಿ ಅಲ್ಲಾಡುತ್ತಿರಲಿಲ್ಲ. ನಾನು ಬಟ್ಟೆ ಒಣಗಹಾಕುವ ಕ್ಲಿಪ್ಪುಗಳಲ್ಲಿ ಸ್ಪ್ರಿಂಗು ಸಡಿಲಾದ ಮುದಿ ಕ್ಲಿಪ್ಪುಗಳನ್ನು ಆರಿಸಿದೆ. ಅದನ್ನೂ ಬಾಯಿ ಬಿಡಿಸಲಾಗಲಿಲ್ಲ. ಬೆರಳುಗಳ ಸುತ್ತ ನನ್ನ ಬೆರಳಿಟ್ಟು ಒಟ್ಟಿಗೆ ಅದುಮುತ್ತಿದ್ದೆ. ಹೊಲಿಗೆಯ ಗಾಯ ಬಿಗಿದು ಮಗು ಕಿರುಚುತ್ತಿತ್ತು. ಮ್ಯಾಗ್ನೆಟ್ಟನ್ನು ಕಬ್ಬಿಣದ ಬೀರುವಿಗೆ ಅಂಟಿಸಿ, ಕಿತ್ತು ಕೊಡು ಎನ್ನುತ್ತಿದ್ದೆ. ಅವಳು ನೇರವಾಗಿ ಕೀಳದೆ ಅಂಗೈ ಬುಡದಿಂದ ಜಾರಿಸಿಕೊಂಡು ಹೋಗಿ ಬೀರುವಿನ ಅಂಚಿನಲ್ಲಿ ಬೀಳಿಸಿಬಿಡುತ್ತಿದ್ದಳು.

"ಮೋಸ ಮಾಡ್ತೀಯೇನಮ್ಮಿ?"

"ಮೋಸ ಅಲ್ಲ ಅಜ್ಜಿ, ಸೈನ್ಸು. ಜಾರ್ಸುದ್ರೆ ಕಮ್ಮಿ ಬಲ ಸಾಕು."

ಆ ಅಳುವಿನ ನಡುವೆ ಹೀಗೊಂದು ಮಾತಾಡಿ ನನ್ನನ್ನು ನಗಿಸುತ್ತಿತ್ತು. ಆದರೆ ಮಿಕ್ಕ ಹೊತ್ತೆಲ್ಲ ನಮ್ಮ ಮನೆ ಆಗ ಮನೆಯಾಗಿರಲಿಲ್ಲ. ಕೂಲಿ ಮುಗಿಸಿ ಬಂದ ಸೊಸೆಗೆ ಬೀದಿಯಲ್ಲೇ ಮಗಳ ಕೂಗು ಕೇಳುತ್ತಿತ್ತು. ಒಂದು ಸಂಜೆ ಕ್ಲಿಪ್ಪುಗಳನ್ನೆಲ್ಲ ಬಾಚಿ ತಿಪ್ಪೆಗೆ ಎಸೆದಳು.

"ಬುಟ್ಬುಡಿ ಅತ್ತೆ. ಓದ್ ಕೈ ಓಯ್ತು. ಇರೋ ಜೀವನೂ ಯಾಕ್ ತಗೀತೀರಿ? ಎಡಗೈಲಿ ಬರೀತಾಳೆ, ಬುಡಿ."

"ಬರೀತಾಳೆ. ಉಣ್ಣೋದು? ನಾಳೆ ಒಬ್ಬರ ಮನೆಗೆ ಓಗಿ ಎಲೆ ಮುಂದೆ ಕೂತಾಗ?"

"ಆ ಡ್ರಮ್ಮಿನ ಅತ್ರ ನಾ ಇದ್ದೆ ಅತ್ತೆ. ನನ್ ಕಣ್ ಮುಂದೇನೆ" ಎಂದಳು. ಗೋಡೆಗೆ ಒರಗಿ ಕೂತಳು. ಅವಳ ತಲೆಗೂದಲಲ್ಲಿ ಇನ್ನೂ ಅರಿಶಿನದ ಪುಡಿ ಇತ್ತು. ಮಗಳ ಕೈ ತಿಂದ ಶೆಡ್ಡಿಗೇ ಅವಳು ದಿನಾ ಕೂಲಿಗೆ ಹೋಗುತ್ತಿದ್ದಳು. ಊರಲ್ಲಿ ಬೇರೆ ಕೂಲಿ ಇರಲಿಲ್ಲ. ಬೆಲ್ಟಿನ ಮೇಲೆ ಈಗ ಮುಚ್ಚಳ ಇದೆ ಎಂದು ಮಾತ್ರ ಒಮ್ಮೆ ಹೇಳಿದ್ದಳು. ನಾನು ತಿಪ್ಪೆಗೆ ಹೋಗಿ ಕ್ಲಿಪ್ಪುಗಳನ್ನು ಆರಿಸಿ ತಂದು ತೊಳೆದೆ.

ಬೇಸಿಗೆ ರಜ ಶುರುವಾಯಿತು. ಹಿಡಿತಕ್ಕೆಂದು ಸ್ಟೀಲ್ ಲೋಟ ಕೊಟ್ಟೆ, ಜಾರಿ ಬಿತ್ತು. ಪೆನ್ನು ಕೊಟ್ಟೆ, ಅದೂ ಜಾರಿತು. ಬಿದ್ದ ಸದ್ದಿಗೆಲ್ಲ ಮಗು ಕಣ್ಣು ಮುಚ್ಚುತ್ತಿತ್ತು.

"ನುಣ್ಗೆ ಅದೆ ಅಜ್ಜಿ, ಅದಕ್ಕೆ. ಘರ್ಷಣೆ ಇಲ್ಲ. ಒರಟಾಗಿದ್ರೆ ನಿಲ್ತದೆ ಅಂತ ಮೇಡಂ ಏಳಿದ್ರು."

ಒರಟಾದದ್ದು ಮನೆಯಲ್ಲಿ ಏನಿದೆ ಎಂದು ಹುಡುಕಾಡುತ್ತ ಅಟ್ಟದ ಮೇಲಿನ ಮೂಟೆಗೆ ಕೈ ಹಾಕಿದೆ. ಮನೆ ಬಳಕೆಗೆಂದು ಇಟ್ಟ ಅರಿಶಿನ, ಪಾಲಿಶ್ ಮಾಡದ್ದು. ಸಿಪ್ಪೆ, ಕೂದಲು ಎಲ್ಲ ಇದ್ದದ್ದು. ತೆಗೆದ ಕೈ ಹಾಗೇ ನಿಂತಿತು. ಆ ದಿನದಿಂದ ಮಗು ಅರಿಶಿನದ ವಾಸನೆಗೆ ಮುಖ ತಿರುಗಿಸುತ್ತಿತ್ತು. ಸಾರಿಗೂ ನಾವು ಅರಿಶಿನ ಹಾಕುತ್ತಿರಲಿಲ್ಲ. ಮೂಟೆ ಕಟ್ಟಲು ಹೋದೆ. ಅಷ್ಟರಲ್ಲಿ ಅವಳು ಏಣಿಯ ಕೆಳಗೆ ನಿಂತು ನೋಡುತ್ತಿದ್ದಳು.

"ಅದನ್ನ ಕೊಡಜ್ಜಿ."

"ಬ್ಯಾಡ ಕಣ್ ಕೂಸೆ."

"ಕೊಡು. ಒರಟಾಗ್ ಅದೆ."

ಕೊಟ್ಟೆ. ಮುಖ ಹಿಂಡಿಕೊಂಡು, ಮೂಗಿನಿಂದ ಉಸಿರು ಎಳೆಯದೆ, ಹೆಬ್ಬೆರಳು ತೋರುಬೆರಳಿನ ನಡುವೆ ಇಟ್ಟುಕೊಂಡಳು. ಕೊಂಬು ಅಲ್ಲಾಡಿತು. ಬೀಳಲಿಲ್ಲ. ಎತ್ತಿ ಕೊಡಲು ಹೋಗಿ ಕೈ ಕಳೆದುಕೊಂಡ ಅದೇ ವಸ್ತು ಅವಳ ಕೈಯಲ್ಲಿ ಮೊದಲು ನಿಂತಿತು.

ಅಲ್ಲಿಂದ ಅರಿಶಿನದ ಕೊಂಬು ಅವಳ ಫ್ರಾಕಿನ ಜೇಬಿನಲ್ಲೇ. ದಪ್ಪನೆಯದು ಬಿಟ್ಟು ತೆಳುವಾದದ್ದು, ತೆಳುವಾದದ್ದು ಬಿಟ್ಟು ಚಿಕ್ಕದು. ಉಜ್ಜಿ ಉಜ್ಜಿ ಅವಳ ಬೆರಳುಗಳೇ ಅವಕ್ಕೆ ಪಾಲಿಶ್ ಮಾಡಿಬಿಟ್ಟವು. ನುಣುಪಾದದ್ದನ್ನು ನನಗೆ ಸಾರಿಗೆ ಕೊಟ್ಟು ಇನ್ನೊಂದು ಒರಟನ್ನು ಇಸ್ಕೊಳ್ಳುತ್ತಿದ್ದಳು. ಮುದಿ ಕ್ಲಿಪ್ಪುಗಳು ಒಂದೊಂದಾಗಿ ಬಾಯಿ ಬಿಟ್ಟವು. ಮ್ಯಾಗ್ನೆಟ್ಟು ಮಾತ್ರ ಕೊನೆಯವರೆಗೂ ಜಾರಿಸಿದರೇ ಬರುತ್ತಿತ್ತು.

ರಜ ಮುಗಿಯುವ ಮೊದಲು, ಮೊನ್ನೆ, ಆಸ್ಪತ್ರೆಗೆ ಹೋದೆವು. ಕ್ಲಿಪ್ಪು ಅದುಮಿ ತೋರಿಸಿದಳು. ಅರಿಶಿನದ ಕೊಂಬು ಹಿಡಿದು ತೋರಿಸಿದಳು. ಆ ಹುಡುಗ "ಶಭಾಷ್ ಬೇಟಾ" ಎಂದ. ಆಮೇಲೆ ಒಂದು ಕಾಗದದ ಪಟ್ಟಿ ಕತ್ತರಿಸಿ ಅವಳ ಎರಡು ಬೆರಳ ನಡುವೆ ಇಟ್ಟ. ಎಳೆದ. ಜಾರಿ ಬಂತು. ಮತ್ತೆ ಇಟ್ಟ. ಮತ್ತೆ ಜಾರಿತು. ಮಗುವಿನ ತುಟಿಯ ಮೇಲೆ ಬೆವರು ಬಂತು. ಡಾಕ್ಟರು ಬಂದು ತಾವೂ ಎಳೆದು ನೋಡಿ, "ನೋಡೋಣ, ಶಾಲೆ ಶುರುವಾದ ಮೇಲೆ ಇನ್ನೊಂದು ಸಲ ಬನ್ನಿ" ಎಂದರು. ಅವರ ದನಿಯಲ್ಲಿ ಆಸೆ ಇರಲಿಲ್ಲ. ಮಗುವಿಗೂ ಅದು ಗೊತ್ತಾಯಿತು. ಆಸ್ಪತ್ರೆಯ ಗೇಟು ದಾಟಿದ ಮೇಲೆ ಜೇಬಿನಿಂದ ಅರಿಶಿನದ ಕೊಂಬು ತೆಗೆದು ಚರಂಡಿಗೆ ಎಸೆದಳು.

ಗುಂಡ್ಲುಪೇಟೆ ಬಸ್ಸು ತುಂಬಿ ತುಳುಕುತ್ತಿತ್ತು. ನನಗೆ ಯಾರೋ ಸೀಟು ಕೊಟ್ಟರು. ಮಗು ಎಡಗೈಯಲ್ಲಿ ಕಂಬಿ ಹಿಡಿದು ನನ್ನ ಪಕ್ಕ ನಿಂತಿತ್ತು. ತೆರಕಣಾಂಬಿಯ ಹತ್ತಿರ ಜನರನ್ನು ತಳ್ಳಿಕೊಂಡು ಕಂಡಕ್ಟರ್ ಬಂದ. ಹಿಂದೆ ಬೈದಿದ್ದನಲ್ಲ, ಅವನೇ. ಒಂದು ಕೈಯಲ್ಲಿ ಮೇಲಿನ ಕಂಬಿಗೆ ಜೋತುಬಿದ್ದು, ಇನ್ನೊಂದು ಕೈಯಲ್ಲಿ ಮಿಷನ್ನು ಒತ್ತಿದ. ಚೀಟಿ ಹೊರಗೆ ಬಂತು. ಹರಿಯಲು ಅವನಿಗೆ ಕೈ ಇರಲಿಲ್ಲ. ಮಿಷನ್ನನ್ನೇ ಮಗುವಿನ ಮುಖದ ಹತ್ತಿರ ಹಿಡಿದ.

"ಹರ್ಕ ಬಾ ಅಮ್ಮಿ, ಬೇಗ."

ಬಸ್ಸು ತಿರುವಿನಲ್ಲಿ ವಾಲಿತು. ಎಡಗೈ ಬಿಟ್ಟರೆ ಬೀಳುತ್ತಾಳೆ. ನಾನು ಕೈ ಚಾಚುವಷ್ಟರಲ್ಲಿ ಟವೆಲ್ಲಿನ ಒಳಗಿಂದ ಅವಳ ಬಲಗೈ ಹೊರಬಂತು. ಹೆಬ್ಬೆರಳು, ತೋರುಬೆರಳು ಚೀಟಿಯ ತುದಿಯನ್ನು ಕಚ್ಚಿದವು. ಎಳೆದಳು. ಚೀಟಿ ಬರಲಿಲ್ಲ. ಬೆರಳುಗಳು ಜಾರಲಿಲ್ಲ. ಇನ್ನೊಮ್ಮೆ ಎಳೆದಳು. ಅಂಚಿನಿಂದ ಸರ್ರನೆ ಹರಿದು ಅವಳ ಕೈಗೆ ಬಂತು.

"ಒಂದ್ ಚೀಟಿ ಹರಿಯಕ್ಕೆ ಇಷ್ಟೊತ್ತಾ? ನಿನ್ ಮದುವೆ ಕಾಗದ ಹಂಚಿದ ಹಾಗೆ ಆಡ್ತೀಯಲ್ಲ" ಎಂದು ಕಂಡಕ್ಟರ್ ಮುಂದಕ್ಕೆ ನುಗ್ಗಿದ. ಅವನಿಗೆ ನಾನು ಎರಡೂ ಕೈ ಮುಗಿದೆ. ಅವನು ನೋಡಲಿಲ್ಲ.

ಕಿಟಕಿಯ ಗಾಳಿ ಆ ಚೀಟಿಯನ್ನು ಪಟಪಟ ಎಳೆಯುತ್ತಿತ್ತು. ಮಗು ಬಿಡಲಿಲ್ಲ. ಆ ಸುಕ್ಕುಗಟ್ಟಿದ, ಹೊಲಿಗೆ ಬಿದ್ದ, ಎರಡು ಬೆರಳು ಎಂದಿಗೂ ಬಾರದ ಕೈಯನ್ನು ಟವೆಲ್ಲಿನ ಒಳಗೆ ಮತ್ತೆ ಸೇರಿಸಲಿಲ್ಲ. ಬಸ್ಸಿನ ಜನವೆಲ್ಲ ನೋಡುವ ಹಾಗೆ ಎದೆಯ ಮುಂದೆ ಹಿಡಿದು ನಿಂತಿತ್ತು. ನನಗೆ ನಗು ಬಂತು, ಅಳು ಬಂತು, ಪಕ್ಕದಲ್ಲಿ ಕೂತ ಹೆಂಗಸು "ಯಾಕವ್ವ, ಏನಾಯ್ತು, ಯಾರಾದ್ರೂ ಓಗ್ಬುಟ್ರಾ?" ಎಂದು ಕೇಳಿದಳು. ಇಲ್ಲ ಕಣವ್ವ, ಬಂತು ಎಂದೆ. ಅವಳಿಗೆ ತಿಳಿಯಲಿಲ್ಲ.

ಗುಂಡ್ಲುಪೇಟೆ ಬಸ್ ನಿಲ್ದಾಣದಲ್ಲಿ ಇಳಿದಾಗ ಚೀಟಿ ಬೆವರಿಗೆ ಮೆತ್ತಗಾಗಿತ್ತು. ಇನ್ನೂ ಆ ಎರಡು ಬೆರಳ ನಡುವೆಯೇ ಇತ್ತು.

"ಬುಡು ಕೂಸೆ, ನೋವಾಯ್ತದೆ" ಎಂದೆ.

"ಆಯ್ತಾ ಅದೆ" ಎಂದಳು. ಬಿಡಲಿಲ್ಲ. ಹಂಗಳದ ಬಸ್ಸು ನಿಲ್ಲುವ ಕಡೆ ನನ್ನನ್ನು ಎಳೆದುಕೊಂಡು ನಡೆಯುತ್ತ, "ಇನ್ನೊಂದು ಬಸ್ ಅದಲ್ವಾ ಅಜ್ಜಿ? ಅದ್ರಲ್ಲೂ ನಾನೇ ಹರ್ಕತೀನಿ, ನೀ ಕೈ ನೀಡ್ಬ್ಯಾಡ" ಎಂದಳು.